ಕಲಿಸಿದರೆ ಕಲಿಯುತ್ತಾರೆ

ನವೆಂಬರ್ ೧೨, ಬುಧವಾರ

ಬಂತು! ನನ್ನ ಧಾರಾವಾಹಿ ‘ಕಣಿವೆಯ ಚಿಗರೆ’ಯ ಮೊದಲ ಕಂತು ವಾರಪತ್ರಿಕೆಯ ಈ ಸಂಚಿಕೆಯಲ್ಲಿ ಬಂತು. ಗೋಣಿಬೀಡಿನ ಅಂಗಡಿಯಿಂದ ಮೂರು ಪ್ರತಿ ತರಿಸಿದೆ. ಒಂದು ನನಗೆ, ಒಂದು ಅತ್ತೆಗೆ, ಇನ್ನೊಂದು ಹಾಲ್‌ನ ಮೇಜಿನ ಮೇಲೆ, ಬಂದವರ ಕಣ್ಣಿಗೆ ಬೀಳಲಿ ಅಂತ. ಇವರು ಬಂದವರೇ ಅದರ ಮೇಲೆ ಕಾಫಿ ಲೋಟ ಇಟ್ಟರು. ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಸಂಪಾದಕ ಪ್ರಶಾಂತ್ ಫೋನ್ ಮಾಡಿದ್ದರು. ‘ಮೇಡಂ, ನಿಮ್ಮ ಝುಮ್ಕಿ ಎಲ್ಲರ ಮನಸ್ಸು ಕದೀತಾಳೆ ನೋಡ್ತಿರಿ’ ಅಂದರು. ಝುಮ್ಕಿ ನನ್ನ ನಾಯಕಿ. ಜಾರ್ಖಂಡಿನ ಕಾಡಿನಿಂದ ಕಾಫಿ ಕೊಯ್ಯಲು ಬಂದ ಅನಾಥೆ. ಚಪ್ಪಲಿ ಕಾಣದ ಪಾದ, ಬೆದರಿದ ಕಣ್ಣು, ಬಾಯಲ್ಲಿ ಎರಡು ಮುರುಕು ಕನ್ನಡ ಮಾತು. ಎಸ್ಟೇಟ್ ಮಾಲೀಕ ವಿಕ್ರಮ್ ಅವಳನ್ನು ನೋಡಿ ತನ್ನ ತಾಯಿಗೆ ಹೇಳುವ ಸಾಲನ್ನು ಪುಟದ ಮಧ್ಯೆ ದಪ್ಪಕ್ಷರದಲ್ಲಿ ಹಾಕಿದ್ದಾರೆ: ‘ಏನೂ ಗೊತ್ತಿಲ್ಲ ಅಮ್ಮ, ಪಾಪ. ಆದರೆ ಕಲಿಸಿದರೆ ಕಲಿಯುತ್ತಾಳೆ.’ ಆ ಸಾಲು ಬರೆಯುವಾಗ ನನಗೇ ಕಣ್ಣು ತುಂಬಿತ್ತು. ಆ ಜನರ ಬಗ್ಗೆ ಇಷ್ಟು ಪ್ರೀತಿಯಿಂದ ಕನ್ನಡದಲ್ಲಿ ಯಾರು ಬರೆದಿದ್ದಾರೆ? ನಮ್ಮ ತೋಟದ ಆಳುಗಳ ಲೈನ್ ಮನೆಗಳಲ್ಲಿ ಅರ್ಧಕ್ಕರ್ಧ ಜಾರ್ಖಂಡಿನವರೇ ಇದ್ದಾರೆ. ಬರೆಯುವ ಮೇಜಿನ ಕಿಟಕಿಯಿಂದ ದಿನಾ ನೋಡುತ್ತೇನೆ. ಅನುಭವ ಇಲ್ಲದೆ ನಾನು ಒಂದಕ್ಷರ ಬರೆಯುವವಳಲ್ಲ.

ಅತ್ತೆ ಸೊಂಟದ ಆಪರೇಷನ್ ಮುಗಿಸಿಕೊಂಡು ಮಂಗಳೂರಿನಿಂದ ಬಂದು ವಾರವಾಯಿತು. ವಾಕರ್ ಹಿಡಿದು ನಡೆಯಿರಿ ಅಂದರೆ ‘ನಂಗೆ ಯಮನೇ ಬಂದು ನಡಿಸ್ಲಿ’ ಅನ್ನುತ್ತಾರೆ. ಮೂಡಿಗೆರೆಯ ನರ್ಸಿಂಗ್ ಹೋಮಿನಿಂದ ಒಬ್ಬ ನರ್ಸ್ ಬಂದು ನಡೆಸುತ್ತಾಳಂತೆ. ನೋಡೋಣ.

ನವೆಂಬರ್ ೧೬, ಭಾನುವಾರ

ನರ್ಸ್ ಸ್ಕೂಟರಿನಲ್ಲಿ ಬಂದಳು. ಹೆಲ್ಮೆಟ್ ತೆಗೆದರೆ, ಅರೆ, ನಮ್ಮ ಮಂಗಲ್‌ನ ಮಗಳು ಮಾಲತಿ! ಮಂಗಲ್ ಹಾಂಸ್ದಾ ಜಾರ್ಖಂಡಿನ ದುಮ್ಕಾದ ಕಡೆಯ ಸಂತಾಲ ಬುಡಕಟ್ಟಿನವನು, ನಮ್ಮ ತೋಟದಲ್ಲಿ ಹದಿನೈದು ವರ್ಷದಿಂದ ಇದ್ದಾನೆ. ಈ ಹುಡುಗಿ ಗೋಣಿಬೀಡಿನ ಶಾಲೆಗೆ ಹೋಗುತ್ತಿದ್ದುದು ನೆನಪಿದೆ. ಯಾವಾಗ ನರ್ಸಿಂಗ್ ಓದಿ ಮುಗಿಸಿದಳೋ, ನನಗೆ ಗೊತ್ತೇ ಆಗಲಿಲ್ಲ.

ಒಳಗೆ ಹೋದವಳೇ, ‘ಅಜ್ಜಿ, ಏಳಿ. ನಾಟಕ ಸಾಕು’ ಅಂದಳು. ಅತ್ತೆಗೆ ಹಾಗೆ ಅಂದವರು ಈ ಮನೆಯಲ್ಲಿ ಯಾರೂ ಇಲ್ಲ. ನಾನು ಕಿವಿ ಮುಚ್ಚಿಕೊಳ್ಳಬೇಕು ಅನ್ನುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು.

ನನಗಂತೂ ಹಬ್ಬ. ಝುಮ್ಕಿಯೇ ಮನೆ ಬಾಗಿಲಿಗೆ ಬಂದ ಹಾಗಾಯಿತು. ಒಳ್ಳೆಯ ಕಪ್ಪಿನಲ್ಲಿ ಕಾಫಿ ಕೊಟ್ಟು ಕೂರಿಸಿ, ‘ನಿಮ್ಮಲ್ಲಿ ಹುಣ್ಣಿಮೆ ದಿನ ಬೆಂಕಿ ಸುತ್ತ ಕುಣೀತಾರಲ್ಲ, ಮೊನ್ನೆ ಹುಣ್ಣಿಮೆಗೆ ನೀನೂ ಕುಣಿದ್ಯಾ?’ ಅಂತ ಕೇಳಿದೆ.

‘ಮೊನ್ನೆ ಹುಣ್ಣಿಮೆಗೆ ನಂಗೆ ನೈಟ್ ಡ್ಯೂಟಿ ಇತ್ತಮ್ಮ’ ಅಂದಳು.

ಎಷ್ಟು ಸಂಕೋಚ ನೋಡು! ತಮ್ಮ ಸಂಸ್ಕೃತಿಯನ್ನು ಹೇಳಿಕೊಳ್ಳಲು ಇವರಿಗೆ ನಾಚಿಕೆ. ಧೈರ್ಯ ತುಂಬಬೇಕು. ಕಣ್ಣು ಮಾತ್ರ ಬಹಳ ಚೆನ್ನಾಗಿದೆ, ಐದನೇ ಕಂತಿನಲ್ಲಿ ಬಳಸಿಕೊಳ್ಳುತ್ತೇನೆ.

ನವೆಂಬರ್ ೨೮, ಶುಕ್ರವಾರ

ಮಧ್ಯಾಹ್ನ ಅತ್ತೆಯ ಕೋಣೆಯಿಂದ ಸದ್ದು. ಹೋಗಿ ನೋಡಿದರೆ ಮಾಲತಿ ನನ್ನ ಮೂರನೇ ಕಂತು ಗಟ್ಟಿಯಾಗಿ ಓದುತ್ತಿದ್ದಾಳೆ, ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಮೈಯೆಲ್ಲ ಅಲುಗುತ್ತಿದೆ. ನನ್ನನ್ನು ನೋಡಿದ್ದೇ ಇಬ್ಬರೂ ಗಪ್‌ಚಿಪ್. ಮಾಲತಿಯ ಮುಖ ಕೆಂಪಾಗಿತ್ತು. ಝುಮ್ಕಿ ಮೊದಲ ಸಲ ಕನ್ನಡಿ ನೋಡಿ ‘ಯಾರಿವಳು?’ ಎಂದು ಹೆದರುವ ಭಾಗ ಅದು.

ನಾನು ಸದ್ದು ಮಾಡದೆ ವಾಪಸ್ ಬಂದೆ. ಅತ್ತೆಯಂಥ ಗಟ್ಟಿ ಹೆಂಗಸನ್ನೇ ಅಳಿಸಿದೆ ಅಂದರೆ ಕರುಣ ರಸ ಗೆದ್ದಿತು ಅಂತಲೇ ಅರ್ಥ.

ಡಿಸೆಂಬರ್ ೯, ಮಂಗಳವಾರ

ಅರೇಬಿಕಾ ಕಾಫಿ ಹಣ್ಣು ಬಿದ್ದು ಹಾಳಾಗುತ್ತಿದೆ, ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟಿದೆ, ಇವರ ಮುಖ ಊದಿದೆ. ಬರೆಯಲು ಪುರುಸೊತ್ತಿಲ್ಲ.

ಡಿಸೆಂಬರ್ ೨೧, ಭಾನುವಾರ

ಅತ್ತೆ ವಾಕರ್ ಹಿಡಿದು ಜಗಲಿಯವರೆಗೆ ಬಂದರು! ಮಾಲತಿ ಪಕ್ಕದಲ್ಲಿ ಕೈಕಟ್ಟಿಕೊಂಡು ನಡೆಯುತ್ತಾಳೆ. ಹಿಡಿಯುವುದಿಲ್ಲ, ಆದರೆ ಬೀಳುವುದಕ್ಕೂ ಬಿಡುವುದಿಲ್ಲ. ಅವಳು ಬರುವ ದಿನ ಅತ್ತೆ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು ಕಾಯುತ್ತಾರೆ. ನಾನೂ ಏನಾದರೊಂದು ತಿಂಡಿ ಮಾಡಿಡುತ್ತೇನೆ. ಇವತ್ತು ಕಡುಬು ಮಾಡಿದ್ದೆ. ಚಟ್ನಿಗೆ ಖಾರ ಸಾಲದು ಅಂದಳು. ಹೌದು, ಸಾಲದಾಗಿತ್ತು.

ಹೊರಡುವಾಗ ಕೇಳಿದಳು: ‘ಅಮ್ಮ, ಒಂದು ಡೌಟು. ಝುಮ್ಕಿ ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟದ ತುಂಬ ಓಡ್ತಾಳಲ್ಲ, ಜಿಗಣೆ ಕಚ್ಚಲ್ವಾ?’

‘ಅದು ಕಥೆ ಮಾರಾಯ್ತಿ’ ಅಂದೆ.

‘ಅಲ್ಲ, ಕಥೇಲೂ ಜಿಗಣೆ ಇರತ್ತಲ್ಲಮ್ಮ. ಮತ್ತೆ ಅವಳಿಗೆ ಊರು ಯಾವುದು? ಬರೀ ಕಾಡು ಅಂತೀರಿ. ಬಸ್ಸು ಇಳಿಯೋದು ಎಲ್ಲಿ? ಝುಮ್ಕಿ ಅನ್ನೋ ಹೆಸರು ನಮ್ಮತ್ತೆ ಮನೇಲಿ ಇದೆ, ಆಡಿಗೆ.’

ಅತ್ತೆಗೆ ಕೆಮ್ಮು ಬಂತು. ನೀರು ಕುಡಿಸಬೇಕಾಯಿತು.

ಸಾಹಿತ್ಯ ಎಲ್ಲರಿಗೂ ದಕ್ಕುವುದಿಲ್ಲ, ಅದಕ್ಕೆ ಬೇಸರ ಮಾಡಿಕೊಳ್ಳಬಾರದು. ಸಂಜೆ ಮುಂದಿನ ಕಂತು ಬರೆಯಲು ಕುಳಿತವಳು ಝುಮ್ಕಿಗೆ ಗಮ್‌ಬೂಟು ಹಾಕಿಸಿದೆ. ಒಂದು ಊರನ್ನೂ ಕೊಟ್ಟೆ, ಒಂದು ಅಜ್ಜಿಯನ್ನೂ. ಅವಳು ಹೇಳಿದಳು ಅಂತಲ್ಲ, ಕಥೆಗೆ ಆಧಾರ ಇರಲಿ ಅಂತ. ಪ್ರಶಾಂತ್ ಓದಿದ ಮೇಲೆ ಏನಾದರೂ ಅನ್ನಲಿ.

ಜನವರಿ ೧, ಗುರುವಾರ

ಪ್ರಶಾಂತ್ ಅಂದೇ ಬಿಟ್ಟರು. ‘ಏನ್ ಮೇಡಂ, ಗಮ್‌ಬೂಟ್ ಹಾಕ್ಕೊಂಡ ಹೀರೋಯಿನ್ನ ಹೀರೋ ಎತ್ಕೊಂಡು ಹಳ್ಳ ದಾಟಿಸೋದು ಹೇಗೆ?’

‘ಗಮ್‌ಬೂಟ್ ಇದ್ದ ಮೇಲೆ ಎತ್ಕೊಳ್ಳೋದು ಯಾಕೆ? ಅವಳೇ ದಾಟ್ತಾಳೆ’ ಅಂದೆ. ಹೊಸ ವರ್ಷದ ಶುಭಾಶಯ ಹೇಳಿ ಫೋನಿಟ್ಟರು.

ಜನವರಿ ೧೧, ಭಾನುವಾರ

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಊಟ ಮುಗಿದ ಮೇಲೆ ರಾಜೀವ ಅಡುಗೆಮನೆಗೆ ಬಂದ. ಮಗ ಅಡುಗೆಮನೆಗೆ ಬಂದರೆ ಒಂದೋ ಹಸಿವು, ಇಲ್ಲವೋ ಏನೋ ಕಿತಾಪತಿ. ‘ಅಮ್ಮ, ನಾನು ಮಾಲತೀನ ಮದುವೆ ಆಗ್ಬೇಕು ಅಂತಿದ್ದೀನಿ’ ಅಂದ.

ಸಾರಿನ ಸೌಟು ನನ್ನ ಕೈಯಲ್ಲೇ ಇತ್ತು. ‘ಯಾವ ಮಾಲತಿ?’ ಅಂದೆ, ಇಡೀ ಗೋಣಿಬೀಡಿನ ತುಂಬ ಮಾಲತಿಯರೇ ಇರುವ ಹಾಗೆ.

‘ಅಜ್ಜೀನ ನಡೆಸೋ ಮಾಲತಿ.’

ಶಿವನೇ! ನಾನು ಕೂಗಾಡಿದೆ. ಜಾತಿ, ಊರು, ನೆಂಟರು, ಜನ ಏನಂತಾರೆ, ಎಲ್ಲ ಒಂದೇ ಉಸಿರಿಗೆ ಬಂತು. ಇವರು ಜಗಲಿಯಿಂದ ನಿಧಾನಕ್ಕೆ ಬಂದು ಬಾಗಿಲಿಗೆ ಒರಗಿ ನಿಂತು, ‘ಅಲ್ಲ ಕಣೇ, ನಿನ್ನ ಕಥೇಲಿ ವಿಕ್ರಮ್‌ನ ತಾಯಿ ಒಪ್ಕೊತಾಳಲ್ಲ?’ ಅಂದರು.

‘ಅದು ಕೊನೇ ಕಂತಿಗೆ ಇಟ್ಟಿರೋದು ಕಣ್ರೀ!’ ಅಂದುಬಿಟ್ಟೆ.

ಅಪ್ಪ ಮಗ ಇಬ್ಬರೂ ನಕ್ಕರು. ನನಗೆ ಅಳು ಬಂತು. ಇವರು ನನ್ನ ಕಥೆ ಓದುತ್ತಿದ್ದರು ಅಂತ ಇವತ್ತೇ ಗೊತ್ತಾದದ್ದು.

ಸಂಜೆಯವರೆಗೆ ತೋಟದಲ್ಲಿ ಒಬ್ಬಳೇ ಸುತ್ತಿದೆ. ಯೋಚನೆ ಮಾಡಿದೆ. ಹುಡುಗಿ ಚಂದ, ಕೆಲಸವಂತೆ, ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದವಳು. ಬರೆದದ್ದೊಂದು ಮಾಡುವುದೊಂದು ಆಗಬಾರದು. ಬಂದು ಇವರಿಗೆ ಹೇಳಿದೆ: ‘ಆಗ್ಲಿ. ನಮ್ಮ ಮನೆ ರೀತಿ ನೀತಿ ಏನೂ ಗೊತ್ತಿಲ್ಲ, ಪಾಪ. ಆದ್ರೆ ಕಲಿಸಿದ್ರೆ ಕಲೀತಾಳೆ.’

ಎಂಥ ಹಗುರ ಆಯಿತು ಮನಸ್ಸು! ಮಂಗಲ್‌ಗೆ ಹೇಳಿ ಕಳಿಸಿದರೆ ಓಡಿ ಬಂದು ಕಾಲಿಗೇ ಬೀಳುತ್ತಾನೆ. ಬೀಳಲು ಬಿಡಬಾರದು, ಭುಜ ಹಿಡಿದು ಎತ್ತಬೇಕು ಅಂತ ಇವರಿಗೆ ಈಗಲೇ ಹೇಳಿಟ್ಟಿದ್ದೇನೆ.

ಜನವರಿ ೧೪, ಬುಧವಾರ

ಮಂಗಲ್ ಓಡಿ ಬರಲಿಲ್ಲ. ಕೆಲಸ ಮುಗಿಸಿ, ಕೈಕಾಲು ತೊಳೆದು, ಇವರ ಹತ್ತಿರ ಬಂದು, ‘ಯೋಚ್ನೆ ಮಾಡ್ಬೇಕು ಗೌಡ್ರೆ. ನಮ್ಮಲ್ಲಿ ಮೊದ್ಲು ಹೆಣ್ಣಿನ ಕಡೆಯವ್ರು ಮನೆ ನೋಡಕ್ಕೆ ಬರ್ತಾರೆ’ ಅಂದನಂತೆ.

ಮನೆ ನೋಡುವುದೇನು? ಹದಿನೈದು ವರ್ಷದಿಂದ ದಿನಾ ನೋಡುತ್ತಿದ್ದಾನೆ. ರಾಜೀವನನ್ನು ಕೇಳಿದರೆ, ‘ಅಮ್ಮ, ಮಾಲತಿಗೆ ನಾನು ಇಷ್ಟ. ಆದ್ರೆ ಮದುವೆಗೆ ಇನ್ನೂ ಹ್ಞೂಂ ಅಂದಿಲ್ಲ. ಅವಳು ಬೇಡ ಅಂದ್ರೆ ನಂಗೆ ಬೇರೆ ಯಾರೂ ಬೇಡ. ದಯವಿಟ್ಟು ಆ ದಿನ ಚೆನ್ನಾಗಿ ನೋಡ್ಕೋ’ ಅಂತ ಕೈ ಹಿಡಿದುಕೊಂಡ. ಮೀಸೆ ಬಂದ ಮಗ ಹೀಗೆ ಕೈ ಹಿಡಿದದ್ದು ಯಾವ ಕಾಲವಾಯಿತೋ. ಅವನ ಸಂಕಟ ನೋಡಲಾಗುವುದಿಲ್ಲ. ಬರುವ ಭಾನುವಾರದ ಮುಂದಿನದಕ್ಕೆ ಬರುತ್ತಾರೆ.

ಜನವರಿ ೨೫, ಭಾನುವಾರ

ಏನಾಯಿತು ಅಂತ ನನಗಿನ್ನೂ ಅರ್ಥವಾಗುತ್ತಿಲ್ಲ.

ಮಂಗಲ್, ಅವನ ಹೆಂಡತಿ ಸೋನಾಮುನಿ, ಜೊತೆಗೆ ಸಂಸೆಯ ತೋಟವೊಂದರಲ್ಲಿರುವ ಅವರ ಕಡೆಯ ಒಬ್ಬ ಹಿರಿಯ, ಮೂವರೂ ಬಂದರು. ಮಂಗಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮುಂಬಾಗಿಲಿನಿಂದಲೇ ಬಂದರು. ಹಾಲ್‌ನ ಸೋಫಾದಲ್ಲಿ ಕೂರಿಸಿದೆವು. ಇವರು ಮಂಗಲ್‌ಗೆ ‘ನೀವು’ ಅಂದರು, ಅದೂ ಎರಡು ಸಲ ತಡವರಿಸಿ. ನಾನು ಹೋಳಿಗೆ ಮಾಡಿದ್ದೆ, ಕೇಸರಿಬಾತು ಮಾಡಿದ್ದೆ. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಕಾಫಿ ಕೊಟ್ಟೆ. ಮಂಗಲ್ ಲೋಟ ನೋಡಿದ, ಹೆಂಡತಿಯ ಕಡೆ ನೋಡಿದ, ಟೀಪಾಯಿಯ ಮೇಲೆ ಇಟ್ಟ. ಉಳಿದಿಬ್ಬರೂ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಕೈಮುಗಿದು, ‘ಬರ್ತೀವಿ ಅಮ್ಮಾರೇ’ ಅಂತ ಹೊರಟೇಬಿಟ್ಟರು. ಹೋಳಿಗೆ ಮುಟ್ಟಲಿಲ್ಲ.

ರಾಜೀವ ಟೀಪಾಯಿ ನೋಡುತ್ತಾ ನಿಂತಿದ್ದ. ‘ಅಮ್ಮ, ಅವ್ರಿಗೆ ಯಾವ ಲೋಟದಲ್ಲಿ ಕೊಟ್ಟೆ?’

ಹಿಂಬಾಗಿಲ ಗೂಡಿನಲ್ಲಿ ಇಡುವ ಲೋಟಗಳು. ಆಳುಗಳಿಗೆ ಕಾಫಿ ಕೊಡುವುದಕ್ಕೆ ಅಂತ ಅತ್ತೆಯ ಅತ್ತೆಯ ಕಾಲದಿಂದ ಬೇರೆ ಇಟ್ಟಿರುವವು, ಕುಡಿದವರೇ ತೊಳೆದು ಅಲ್ಲೇ ಬೋರಲು ಹಾಕಿ ಹೋಗುತ್ತಾರೆ. ಮಂಗಲ್ ಅಂದ ಕೂಡಲೇ ಕೈ ಆ ಗೂಡಿಗೆ ಹೋಗಿದೆ. ನಾನು ಬೇಕೆಂದು ಕೊಟ್ಟೆನೇ? ಇವರಿಗೂ ರಾಜೀವನಿಗೂ ಒಳಗಿನ ಲೋಟದಲ್ಲಿ ಕೊಟ್ಟಿದ್ದೆ, ಅದೂ ಬೇಕೆಂದು ಮಾಡಿದ್ದಲ್ಲ. ಲೋಟ ಅಂದರೆ ಲೋಟ. ಚೆನ್ನಾಗಿ ತೊಳೆದೇ ಕೊಟ್ಟಿದ್ದು. ಅಷ್ಟು ದೊಡ್ಡ ಮನಸ್ಸು ಮಾಡಿ ಸೋಫಾದ ಮೇಲೆ ಕೂರಿಸಿದ್ದು ಕಾಣಲಿಲ್ಲ, ಲೋಟ ಕಂಡಿತಂತೆ.

ರಾಜೀವ ಜೀಪು ತೆಗೆದುಕೊಂಡು ಹೋದ. ಹೋಳಿಗೆಯನ್ನು ನಾಯಿಗೆ ಹಾಕಿದೆ.

ಜನವರಿ ೨೭, ಮಂಗಳವಾರ

ಮಾಲತಿ ಬರಲಿಲ್ಲ. ಬೇರೆ ಯಾರೋ ನರ್ಸ್. ಅತ್ತೆ ಅವಳನ್ನು ಕಂಡು ಗೋಡೆ ಕಡೆ ತಿರುಗಿ ಮಲಗಿದರು.

ಫೆಬ್ರವರಿ ೬, ಶುಕ್ರವಾರ

ರಾಜೀವ ತಟ್ಟೆಯಲ್ಲಿ ಅನ್ನ ಬಿಡುತ್ತಾನೆ. ಮನೆಯಲ್ಲಿ ನಾಲ್ಕು ಜನ, ಸದ್ದು ಮಿಕ್ಸಿಯದ್ದು ಮಾತ್ರ.

ಯುಗಾದಿಯೊಳಗೆ ಧಾರಾವಾಹಿ ಮುಗಿಸಿ ಅಂತ ಪ್ರಶಾಂತ್ ಅವಸರ. ವಿಕ್ರಮ್‌ನ ತಾಯಿ ಝುಮ್ಕಿಯನ್ನು ಬಾಗಿಲಲ್ಲಿ ಎದುರುಗೊಂಡು, ‘ಬಾ ಮಗಳೇ, ನಿನ್ನನ್ನು ಕೈಹಿಡಿದು ಮೇಲೆತ್ತುತ್ತೇನೆ’ ಅನ್ನುವ ದೃಶ್ಯ ಬರೆಯಬೇಕು. ವರ್ಷದಿಂದ ತಲೆಯಲ್ಲಿ ಸಿದ್ಧವಿರುವ ದೃಶ್ಯ. ಬೆಳಗಿನಿಂದ ಕುಳಿತಿದ್ದೇನೆ. ತಾಯಿ ಅಂದಾಯಿತು. ಝುಮ್ಕಿ ಹೊಸಿಲ ಆಚೆ ಗಮ್‌ಬೂಟು ಹಾಕಿಕೊಂಡು ನಿಂತಿದ್ದಾಳೆ, ಒಳಗೆ ಬರುತ್ತಿಲ್ಲ. ನನ್ನ ಯಾವ ನಾಯಕಿಯೂ ಹೀಗೆ ಹಟ ಮಾಡಿರಲಿಲ್ಲ.

ಬೇಸತ್ತು ಅತ್ತೆಯ ಕೋಣೆಗೆ ಹೋದೆ. ‘ನೀವಾದ್ರೂ ಹೇಳಿ ಅತ್ತೆ, ನನ್ನ ಕಥೆ ಕೇಳಿ ಅಷ್ಟು ಅತ್ತವರು ನೀವು’ ಅಂದೆ.

‘ಅತ್ತಿದ್ದಾ? ನಗ್ತಿದ್ವಿ ಕಣೇ’ ಅಂದರು ಅತ್ತೆ. ‘ಆ ಹುಡುಗಿ ಕನ್ನಡಿ ನೋಡಿ ಹೆದರ್ತಾಳೆ ಅಂತ ಬರ್ದಿದ್ದೀಯಲ್ಲ. ಮಾಲತಿ ಅಂದ್ಲು, ಅಜ್ಜಿ, ನಾವು ಊರು ಬಿಟ್ಟು ಬರುವಾಗ ನಮ್ಮಮ್ಮ ಮೊದ್ಲು ಟ್ರಂಕಿಗೆ ಹಾಕಿದ್ದೇ ಕನ್ನಡಿ ಅಂತ. ಹೊಟ್ಟೆ ಹುಣ್ಣಾಗೋ ಹಂಗೆ ನಕ್ಕಿದ್ವಿ. ನಿಂಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ. ಅವ್ಳೇ ಬೇಡ ಅಂದ್ಲು.’

ನನಗೆ ಏನನ್ನಿಸಿತೋ ಬರೆಯಲು ಗೊತ್ತಾಗುತ್ತಿಲ್ಲ. ನನ್ನ ಕಥೆಯನ್ನು ನೋಡಿ ನಕ್ಕಳು, ನನಗೆ ನೋವಾಗುತ್ತದೆ ಅಂತ ಮುಚ್ಚಿಟ್ಟಳು, ನಾನು ಮಾಡಿದ ಕಡುಬು ತಿಂದು ಖಾರ ಸಾಲದು ಅಂತ ಮಾತ್ರ ಹೇಳಿದಳು. ಕೋಪ ಬರಬೇಕಾಗಿತ್ತು. ಬಂತು ಕೂಡ. ಸಂಜೆ ಹೊತ್ತಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಫೆಬ್ರವರಿ ೧೪, ಶನಿವಾರ

ಅತ್ತೆಯ ಮಾತ್ರೆ ತರುವ ನೆಪ ಮಾಡಿಕೊಂಡು ಮೂಡಿಗೆರೆಗೆ ಹೋದೆ. ಮಾತ್ರೆ ಗೋಣಿಬೀಡಿನಲ್ಲೂ ಸಿಗುತ್ತದೆ.

ನರ್ಸಿಂಗ್ ಹೋಮಿನ ಬೆಂಚಿನಲ್ಲಿ ಕುಳಿತು ಅವಳನ್ನು ನೋಡಿದೆ. ನಮ್ಮ ಕಡೆಯ ದೊಡ್ಡ ಪ್ಲಾಂಟರ್ ಒಬ್ಬರು ಇಂಜೆಕ್ಷನ್ನಿಗೆ ತೋಳು ಕೊಡದೆ ರಗಳೆ ಮಾಡುತ್ತಿದ್ದರು. ‘ಗಂಗಾಧರಪ್ಪನೋರೇ, ನಿಮ್ಮ ಮೊಮ್ಮಗ ಈಗಷ್ಟೇ ಸುಮ್ನೆ ಹಾಕಿಸ್ಕೊಂಡು ಹೋದ. ಅವನ್ನ ವಾಪಸ್ ಕರೀಲಾ, ನಿಮ್ಮ ಕೈ ಹಿಡ್ಕೊಳಕ್ಕೆ?’ ಅಂದಳು. ಆಮೇಲೆ ಹಾಕಿದ್ದೇ ಗೊತ್ತಾಗದ ಹಾಗೆ ಹಾಕಿದಳು. ಅವರು ಥ್ಯಾಂಕ್ಸ್ ಹೇಳಿ ಹೋದರು. ನನಗೆ ಹೆಮ್ಮೆಯಾಯಿತು, ನಮ್ಮವಳು ಅಂತ.

ಬಿಡುವಾದಾಗ ಹೊರಗಿನ ಕ್ಯಾಂಟೀನಿಗೆ ಕರೆದುಕೊಂಡು ಹೋದಳು. ‘ಲೋಟದ ವಿಷಯ...’ ಅಂದೆ.

‘ಅಪ್ಪ ಬೈಲಿಲ್ಲಮ್ಮ’ ಅಂದಳು. ‘ಬೈದಿದ್ರೆ ಚೆನ್ನಾಗಿತ್ತು. ಮನೆಗೆ ಬಂದು ಬಿಳಿ ಅಂಗಿ ಬಿಚ್ಚಿ ಮಡಚಿ ಇಟ್ಟ. ಅದು ನನ್ನ ಮದುವೆಗೆ ಅಂತ ತಗೊಂಡಿದ್ದು.’

ಅವಳೇ ಮುಂದುವರಿಸಿದಳು. ‘ರಾಜೀವ್ ಅಂದ್ರೆ ನಂಗೆ ಇಷ್ಟ. ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ನಿಮ್ಮನೇಲಿ ನನ್ನ ಎಲ್ರೂ ಚೆನ್ನಾಗಿ ನೋಡ್ಕೊಂಡು ಪಾಪ ಪಾಪ ಅಂತಾರೆ. ಬೈದ್ರೆ ತಿರುಗಿ ಬೈಬಹುದು. ಪಾಪ ಅಂದ್ರೆ ಏನ್ ಮಾಡೋದು? ಜೀವನಪೂರ್ತಿ ಪಾಪ ಅನ್ನಿಸ್ಕೊಂಡು ಇರಕ್ಕಾಗಲ್ಲಮ್ಮ.’

‘ನಾನ್ಯಾವಾಗ ನಿನ್ನ ಪಾಪ ಅಂದೆ?’

‘ವಾರ ವಾರ ಅಂತೀರಲ್ಲ’ ಅಂದು ನಕ್ಕಳು. ನಗುವಾಗಲೂ ಕಣ್ಣಲ್ಲಿ ನೀರಿತ್ತು. ‘ನಿಮ್ಮ ವಿಕ್ರಮ್ ಝುಮ್ಕಿಗೆ ಸೀರೆ ತರ್ತಾನೆ, ಓದು ಕಲಿಸ್ತಾನೆ. ಒಂದ್ಸಲಾನಾದ್ರೂ ನಿಂಗೆ ನಾನು ಬೇಕಾ ಅಂತ ಕೇಳ್ತಾನಾ? ನಮ್ಮಲ್ಲಿ ಗಂಡಿನ ಕಡೆಯವ್ರೇ ಕೇಳ್ಕೊಂಡು ಬರ್ಬೇಕು. ಎಲ್ರೆದುರಿಗೆ ಹುಡುಗೀನ ಕೇಳ್ತಾರೆ. ಅವ್ಳು ಹ್ಞೂಂ ಅಂದ್ರೆ ಹ್ಞೂಂ. ಊರಲ್ಲಿರೋ ನಮ್ಮಜ್ಜೀನೂ ಒಪ್ಬೇಕು. ನಾನೇ ಏನೂ ಹೇಳಲ್ಲ. ಅಪ್ಪನ ಹತ್ರ ಬನ್ನಿ.’

ಅವಳ ಕ್ಯಾಂಟೀನ್ ಟೀ ಆರಿಹೋಗಿತ್ತು. ಇನ್ನೊಂದು ತರಿಸಿಕೊಟ್ಟೆ. ಬಸ್ಸಿನಲ್ಲಿ ಬರುತ್ತಾ ಕಿಟಕಿಗೆ ತಲೆಯಿಟ್ಟು ಯೋಚಿಸಿದೆ. ನನ್ನ ವಯಸ್ಸಿಗೆ ನನ್ನ ಮುಖಕ್ಕೆ ನೇರ ಇಷ್ಟು ಮರ್ಯಾದೆಯಿಂದ ‘ಬೇಡ’ ಅಂದವರು ಯಾರೂ ಇಲ್ಲ. ರಾಜೀವ ಮೆಚ್ಚಿದ್ದರಲ್ಲಿ ಆಶ್ಚರ್ಯವೇನಿದೆ? ನಾನೇ ಗಂಡಾಗಿದ್ದರೆ ಬಿಡುತ್ತಿರಲಿಲ್ಲ.

ಫೆಬ್ರವರಿ ೧೭, ಮಂಗಳವಾರ

ಹಿಂಬಾಗಿಲ ಗೂಡಿನ ಲೋಟಗಳನ್ನೆಲ್ಲ ತೊಳೆದು ಒಳಗಿನ ಸ್ಟ್ಯಾಂಡಿಗೆ ಸೇರಿಸಿದೆ. ಗೂಡಿನಲ್ಲಿ ಧೂಳು ಕೂರುತ್ತದೆ, ಅದಕ್ಕೆ. ಯಾವುದು ಯಾವುದೋ ಈಗ ಗೊತ್ತಾಗುವುದಿಲ್ಲ. ಇವರು ಕಾಫಿ ಕುಡಿಯುತ್ತಾ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ಕುಡಿದು ಮುಗಿಸಿದರು.

ಕೊನೆಯ ಕಂತು ಕಳಿಸಿದೆ. ತಾಯಿ ‘ಮೇಲೆತ್ತುತ್ತೇನೆ’ ಅನ್ನುವುದಿಲ್ಲ. ಝುಮ್ಕಿಯ ಅಜ್ಜಿಯ ಊರಿಗೆ ವಿಕ್ರಮ್ ಹೋಗಿ, ಅಂಗಳದಲ್ಲಿ ನಿಂತು ಕೇಳುತ್ತಾನೆ. ಝುಮ್ಕಿ ಉತ್ತರ ಹೇಳುವ ಮೊದಲೇ ಕಥೆ ಮುಗಿಯುತ್ತದೆ. ‘ಮೇಡಂ, ಹ್ಞೂಂ ಅಂದ್ಲೋ ಉಹ್ಞೂಂ ಅಂದ್ಲೋ? ಓದುಗರು ನನ್ನ ಹರ್ಕೊಂಡು ತಿಂತಾರೆ!’ ಅಂತ ಪ್ರಶಾಂತ್ ಬಾಯಿ ಬಡಿದುಕೊಂಡರು.

‘ನಂಗೂ ಗೊತ್ತಿಲ್ಲ ಪ್ರಶಾಂತ್, ಅವಳನ್ನೇ ಕೇಳ್ಬೇಕು’ ಅಂದೆ.

ಮಾರ್ಚ್ ೩, ಮಂಗಳವಾರ

ಹೂಮಳೆ ಬಿತ್ತು. ಇನ್ನೊಂದು ವಾರಕ್ಕೆ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗುತ್ತದೆ. ಇವರು ಬೆಳಿಗ್ಗೆ ಲೈನ್ ಮನೆಗೆ ತಾವೇ ನಡೆದುಹೋಗಿ, ‘ಕೇಳಕ್ಕೆ ಬರ್ಬಹುದಾ ಮಂಗಲಣ್ಣ?’ ಅಂತ ಕೇಳಿ ಬಂದರು. ಮಂಗಲ್ ‘ಬನ್ನಿ’ ಅಂದರಂತೆ.

ಚಿಕ್ಕಮಗಳೂರಿಗೆ ಹೋಗಿ ಸೀರೆ ತಂದೆವು. ಒಂದು ಸೋನಾಮುನಿಯವರಿಗೆ, ಒಂದು ಊರಿನಲ್ಲಿರುವ ಅಜ್ಜಿಗೆ. ಅವರಲ್ಲಿ ಗಂಡಿನ ಕಡೆಯವರು ಕೊಡಬೇಕಾದದ್ದು ಅದು. ರಾಜೀವ ಅಜ್ಜಿಯ ಸೀರೆಗೆ ಅಂಗಡಿಯನ್ನೇ ತಲೆಕೆಳಗು ಮಾಡಿದ. ಕೈ ಬೆವರುತ್ತಿತ್ತು, ಪಾಪ. ಅಲ್ಲ, ಪಾಪ ಅನ್ನಬಾರದು.

ಮಾರ್ಚ್ ೧೫, ಭಾನುವಾರ

ಹೋಗಿ ಬಂದೆವು. ಎಲ್ಲವನ್ನೂ ಬರೆದಿಡಬೇಕು, ಒಂದನ್ನೂ ಬಿಡಬಾರದು.

ಕೇಳುವ ಹಿರಿಯರಾಗಿ ಅತ್ತೆಯೇ ಹೊರಟರು. ವಾಕರ್ ಸಮೇತ ಜೀಪು ಹತ್ತಿದರು. ‘ನಾನು ನಡ್ದಿದ್ದು ಯಾರಿಂದ? ನಾನು ಕೇಳ್ದೆ ಇನ್ಯಾರು ಕೇಳ್ತಾರೆ?’ ಅಂತ ಅವರ ವಾದ.

ಇಷ್ಟು ವರ್ಷವಾದರೂ ನಾನು ಲೈನ್ ಮನೆಯ ಒಳಗೆ ಹೋದವಳಲ್ಲ. ಅಂಗಳ ಸಾರಿಸಿ ಗೋಡೆಗೆ ಕೆಂಪು ಬಿಳಿ ಪಟ್ಟಿ ಬಳಿದಿದ್ದರು. ಹೊಸಿಲ ಎದುರು ಸೋನಾಮುನಿ ಕಂಚಿನ ಚೊಂಬಿನಲ್ಲಿ ನೀರು ತಂದು ಇಟ್ಟು, ಬಗ್ಗಿ ‘ಜೋಹಾರ್’ ಅಂತ ನಮಸ್ಕಾರ ಮಾಡಿ, ನಮ್ಮ ಕಾಲು ತೊಳೆದರು. ಅತ್ತೆಯ ಕಾಲು ತೊಳೆಯುವಾಗ ಸೊಂಟಕ್ಕೆ ನೋವಾಗದಂತೆ ಮಾಲತಿ ಹಿಂದಿನಿಂದ ಹಿಡಿದಿದ್ದಳು. ನಮ್ಮ ಮನೆಯಲ್ಲೂ ಹಿಂದೆ ನೆಂಟರಿಗೆ ಕಾಲಿಗೆ ನೀರು ಕೊಡುತ್ತಿದ್ದೆವು. ಯಾವಾಗ ಬಿಟ್ಟೆವೋ. ನಾನೂ ‘ಜೋಹಾರ್’ ಅಂದೆ. ಒಂದೇ ಥರದ ಲೋಟಗಳಲ್ಲಿ ಎಲ್ಲರಿಗೂ ಟೀ ಬಂತು. ನಾನು ಪೂರ್ತಿ ಕುಡಿದೆ, ತಳದಲ್ಲಿದ್ದ ಸೊಪ್ಪಿನ ಚೂರನ್ನೂ ಸೇರಿಸಿ. ಮಂಗಲ್ ಅದೇ ಬಿಳಿ ಅಂಗಿ ಹಾಕಿದ್ದರು.

ಅತ್ತೆ ವಾಕರ್ ಪಕ್ಕಕ್ಕೆ ಸರಿಸಿ ನೆಟ್ಟಗೆ ಕುಳಿತು, ‘ನಮ್ಮ ಹುಡುಗಂಗೆ ನಿಮ್ಮ ಹುಡುಗೀನ ಕೇಳಕ್ಕೆ ಬಂದಿದ್ದೀವಿ’ ಅಂದರು. ಆಗ ಮಂಗಲ್ ದುಮ್ಕಾದಲ್ಲಿರುವ ತಾಯಿಗೆ ವಿಡಿಯೋ ಕಾಲ್ ಮಾಡಿದರು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟರು. ಮುಖದ ತುಂಬ ಸುಕ್ಕಿರುವ, ಹಲ್ಲಿಲ್ಲದ ಅಜ್ಜಿ. ಗಿಡುಗನ ಕಣ್ಣು. ನಮ್ಮನ್ನು ಒಬ್ಬೊಬ್ಬರನ್ನಾಗಿ ಹತ್ತಿರ ಕರೆದು ನೋಡಿದರು. ಅವರ ಮಾತನ್ನು ಮಾಲತಿ ಕನ್ನಡಕ್ಕೆ ಹೇಳುತ್ತಿದ್ದಳು.

‘ನಿಮ್ಮಲ್ಲಿ ಹೆಣ್ಣಿನ ಕಡೆಯವ್ರೇ ಚಿನ್ನ ಕೊಟ್ಟು ಮದುವೆ ಮಾಡ್ಬೇಕಂತೆ, ನಿಜಾನಾ? ಅಜ್ಜಿ ಕೇಳ್ತಿದ್ದಾರೆ.’

ಇವರು ನನ್ನ ಮುಖ ನೋಡಿದರು. ‘ನಿಜ. ನಮ್ಮಪ್ಪ ಕೊಟ್ಟಿದ್ರು’ ಅಂದೆ. ಅಜ್ಜಿ ಲೊಚಗುಟ್ಟಿದರು.

‘ಮದುವೆಗೆ ಮುಂಚೆ ನಿಮ್ಮನ್ನ ಎಲ್ರೆದುರಿಗೆ ಕೇಳಿದ್ರಾ, ಒಪ್ಪಿಗೆನಾ ಅಂತ?’

ಇದು ನನ್ನನ್ನೇ ಕೇಳಿದ ಪ್ರಶ್ನೆ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನನ್ನು ಯಾರು ಕೇಳಿದ್ದರು? ಕಾಫಿ ತಟ್ಟೆ ಹಿಡಿದು ಬಂದೆ, ತಲೆ ತಗ್ಗಿಸಿದ್ದೆ, ಇವರ ಚಪ್ಪಲಿ ಮಾತ್ರ ನೋಡಿದ್ದೆ. ‘ಇಲ್ಲ. ನನ್ನ ಯಾರೂ ಕೇಳಿರಲಿಲ್ಲ’ ಅಂದೆ. ಅತ್ತೆ ಕೈ ಚಾಚಿ ನನ್ನ ಮಂಡಿ ಮೇಲಿಟ್ಟು, ‘ನನ್ನೂ ಕೇಳಿರ್ಲಿಲ್ಲ ಕಣೇ’ ಅಂದರು. ಇವರು ಜೀಪಿನ ಕೀಲಿ ತಿರುಗಿಸುತ್ತಾ ನೆಲ ನೋಡುತ್ತಿದ್ದರು.

‘ಮದುವೇಲಿ ನೀವು ಹೆಂಗಸರು ಸಾಲಾಗಿ ಕೈ ಹಿಡ್ಕೊಂಡು ಕುಣಿಯಲ್ವಾ ಅಂತ ಕೇಳ್ತಿದ್ದಾರೆ.’

‘ಇಲ್ಲ. ಕೂತ್ಕೊಂಡು ನೋಡ್ತೀವಿ.’

‘ಏನನ್ನ?’

ಅಜ್ಜಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು.

ಆಮೇಲೆ ಮಂಗಲ್ ಎದ್ದು ನಿಂತು, ಮಗಳನ್ನು ನಡುವೆ ಕರೆದು, ಮೊದಲು ಅವರ ಭಾಷೆಯಲ್ಲಿ, ಆಮೇಲೆ ನಮಗಾಗಿ ಕನ್ನಡದಲ್ಲಿ ಕೇಳಿದರು: ‘ಇವ್ರು ಕೇಳಕ್ಕೆ ಬಂದಿದ್ದಾರೆ. ನಿಂಗೆ ಮನಸ್ಸಿದ್ಯಾ? ಇಲ್ಲ ಅಂದ್ರೆ ಈಗ್ಲೇ ಹೇಳು, ಯಾರೂ ಬೇಜಾರು ಮಾಡ್ಕೊಳಲ್ಲ.’

ಮಾಲತಿ ರಾಜೀವನನ್ನು ನೋಡಲಿಲ್ಲ, ಅವಳು ನೋಡಿದ್ದು ನನ್ನನ್ನು. ಆ ಕಣ್ಣಿನಲ್ಲಿ ಬೆದರಿಕೆ ಎಲ್ಲಿತ್ತು? ಇಷ್ಟು ದಿನ ನಾನು ಯಾರ ಕಣ್ಣು ನೋಡಿ ಬರೆದೆನೋ. ನಾನು ಕಣ್ಣು ಕೆಳಗೆ ಹಾಕಲಿಲ್ಲ. ಅವಳು ನನ್ನನ್ನು ನೋಡಿ ಮುಗಿಸಿ, ‘ಮನಸ್ಸಿದೆ’ ಅಂದಳು.

ರಾಜೀವ ಅಲ್ಲೇ ಅತ್ತುಬಿಟ್ಟ. ಮಂಗಲ್ ಇವರ ಕಾಲಿಗೆ ಬೀಳಲಿಲ್ಲ. ತಬ್ಬಿಕೊಂಡರು.

ಎಲ್ಲರೂ ಫೋನಿನ ಕಡೆ ತಿರುಗಿದೆವು, ಅಜ್ಜಿಯ ಮಾತು ಬಾಕಿಯಿತ್ತು. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, ಗಂಭೀರವಾಗಿ ಏನೋ ಹೇಳಿದರು. ಮಂಗಲ್ ತಲೆ ತಗ್ಗಿಸಿ ಮೀಸೆಯಲ್ಲೇ ನಕ್ಕರು. ಮಾಲತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

‘ಏನಂದ್ರೇ? ಬೇಡ ಅಂದ್ರಾ?’ ಅಂತ ನಾನು ಅವಳ ತೋಳು ಹಿಡಿದುಕೊಂಡೆ.

‘ಇಲ್ಲಮ್ಮ, ಒಪ್ಕೊಂಡ್ರು’ ಅಂದಳು. ನಗು ತಡೆಯಲಾಗದೆ ನಿಲ್ಲಿಸಿ, ಮತ್ತೆ ಹೇಳಿದಳು: ‘ಜನ ಒಳ್ಳೆಯವ್ರ ಥರ ಕಾಣ್ತಾರೆ. ಏನೂ ಗೊತ್ತಿಲ್ಲ, ಪಾಪ. ಆದ್ರೆ ಕಲಿಸಿದ್ರೆ ಕಲೀತಾರೆ ಅಂದ್ರು.’

ಎಂಥ ದೊಡ್ಡ ಮನಸ್ಸು ಆ ಮುದುಕಿಯದು! ನಮ್ಮನ್ನು ನೋಡಿದ್ದು ಎಷ್ಟು ಹೊತ್ತು, ಅಷ್ಟರಲ್ಲೇ ನಂಬಿದರು. ನನಗಂತೂ ಸಂತೋಷಕ್ಕೆ ಕೈಕಾಲು ಆಡಲಿಲ್ಲ. ಫೋನಿಗೇ ಕೈಮುಗಿದೆ. ಮನೆಗೆ ಬಂದ ಮೇಲೆ ಆ ಮಾತನ್ನು ಇವರಿಗೆ ಮತ್ತೆ ಹೇಳಿದೆ. ಇವರು ನನ್ನ ಮುಖವನ್ನೇ ನೋಡಿ, ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಕಾಫಿ ಕುಡಿದರು.

ಜೋಹಾರ್ ಹೇಳುವಾಗ ನಾನು ಬಗ್ಗಿದ್ದು ಸಾಲದಂತೆ, ಕೈ ಹಿಡಿದ ರೀತಿಯೂ ತಪ್ಪಂತೆ. ನಾಳೆ ಮಾಲತಿ ಡ್ಯೂಟಿ ಮುಗಿಸಿ ಬಂದು ಹೇಳಿಕೊಡುತ್ತಾಳೆ.